ಕಪಿಲಿ ಗಾಲಿಯಿಂದ ಕಾರಿನ ಪುಲ್ಲಿವರೆಗೆ

ಹೋದ ವಾರ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವಾಗ ನಮ್ಮ ಹಳೇ ಕಾರು ಕೀಂಯ್ ಅಂತ ಕೂಗಾಕ ಹತ್ತಿತು. ಮೆಕ್ಯಾನಿಕ್ ಬೆಲ್ಟ್ ಬಿಚ್ಚಿ ಒಂದು ಪುಲ್ಲಿ ಕೈಲಿ ತಿರುಗಿಸಿದ. ಗರಗರ ಅಂತು. ನನಗ ಅಜ್ಜನ ಮಾತು ನೆನಪಾತು.

ಕುರುಗೋಡು ಕಡೆ ಅಜ್ಜನ ಬಾವಿಗೆ ಕಪಿಲಿ ಇತ್ತು. ಎತ್ತು ಇಳಿಜಾರಿನಾಗ ನಡೆದ್ರ ಗಾಲಿ ಮ್ಯಾಲೆ ಹಗ್ಗ ಓಡಿ, ಚರ್ಮದ ಚೀಲದಾಗ ನೀರು ಬರೋದು. ಗಾಲಿ ಕಿರುಗುಟ್ಟಿದ್ರ ಅಜ್ಜ ಎತ್ತು ನಿಲ್ಲಿಸಿ ಅಚ್ಚಿಗೆ ಹರಳೆಣ್ಣಿ ಬಿಡ್ತಿದ್ದನಂತ.

1953ರಲ್ಲಿ ತುಂಗಭದ್ರಾ ನೀರು ಕಾಲುವೆಗೆ ಬಂತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಭತ್ತ ಹೆಚ್ಚಾತು, ಸಿರುಗುಪ್ಪದಾಗ ರೈಸ್ ಮಿಲ್ಲು ಹೆಚ್ಚಾದವು. ಹಳೇ ಮಿಲ್ಲಿನಾಗ ಒಂದೇ ಇಂಜಿನ್ನು, ಒಂದು ಉದ್ದನೆ ಶಾಫ್ಟು, ಅದರ ತುಂಬಾ ಪುಲ್ಲಿ. ಒಂದೊಂದು ಪುಲ್ಲಿಯಿಂದ ಒಂದೊಂದು ಮಷಿನ್ನಿಗೆ ಚಪ್ಪಟೆ ಬೆಲ್ಟು. ಪುಲ್ಲಿ ನಡುವೆ ಚೂರು ಉಬ್ಬಿರ್ತಿತ್ತು. ಬೆಲ್ಟು ಯಾವಾಗಲೂ ಎತ್ತರದ ಕಡೆ ಏರ್ತೈತಿ, ಅದಕ್ಕ ಜಾರದೆ ನಡುವೆ ನಿಲ್ತಿತ್ತು. ಬೆಲ್ಟನ್ನ ಎಂಟರ ಆಕಾರದಾಗ ತಿರುವಿ ಹಾಕಿದ್ರ ಮಷಿನ್ನು ಉಲ್ಟಾ ತಿರುಗೋದು.

ಆದ್ರ ಬೆಲ್ಟಿಗೆ ತಡೆ ಇರ್ತಿರಲಿಲ್ಲ. ನಾನು ಸಣ್ಣವನಿದ್ದಾಗ ಒಂದು ಮಿಲ್ಲಿನಾಗ ಹಮಾಲನೊಬ್ಬನ ಟವೆಲ್ಲು ಸಿಕ್ಕು ಕೈ ಹೋತು. ಆ ಮನಿ ಮಕ್ಕಳು ಶಾಲಿ ಬಿಟ್ಟು ಕೂಲಿಗೆ ಬಂದ್ರು. ಇವತ್ತಿಗೂ ಓಡೋ ಬೆಲ್ಟಿನ ಹತ್ರ ಹೋದ್ರ ಹೆಗಲ ಮ್ಯಾಲಿನ ಟವೆಲ್ಲು ಮೊದಲು ತೆಗೀತೀನಿ.

1950ರ ದಶಕದ ಕೊನೆಗೆ ಬಂದ ಅಂಬಾಸಡರಿನಾಗ ಒಂದು ಬೆಲ್ಟು ಫ್ಯಾನು, ನೀರಿನ ಪಂಪು, ಡೈನಮೋ ಮೂರನ್ನೂ ತಿರುಗಿಸ್ತಿತ್ತು. ಈಗಿನ ಬಹಳ ಕಾರಿನಾಗ ಗೀರು ಗೀರಿನ ಒಂದೇ ಬೆಲ್ಟು ಎ.ಸಿ., ಆಲ್ಟರ್ನೇಟರ್ ಎಲ್ಲಾ ಓಡಿಸ್ತೈತಿ. ಬಿಗಿ ಹಿಡಿಯಾಕ ಬ್ಯಾರೆ ಪುಲ್ಲಿ ಇರ್ತಾವ. ಅದರಾಗ ಒಂದು ಹಿಡಿದ್ರ ಬೆಲ್ಟು ಸುಟ್ಟು ಎಲ್ಲಾ ನಿಂತಂಗ.

ನೋಡೋದು ಹಿಂಗ: ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕ್ರಿ. ಬೆಲ್ಟ್ ತೆಗೆಸಿ ಪುಲ್ಲಿ ತಿರುಗಿಸ್ರಿ. ಸದ್ದು ಬರಬಾರದು, ಅಲುಗಾಡಬಾರದು. ಎಲ್ಲಾ ಪುಲ್ಲಿ ಒಂದೇ ನೇರಕ್ಕಿರಬೇಕು, ಗೀರಿನಾಗ ಮಣ್ಣು, ಎಣ್ಣಿ ಇರಬಾರದು. ಕೂಗ್ತೈತಂತ ಬೆಲ್ಟಿಗೆ ಎಣ್ಣಿ ಹಾಕಬ್ಯಾಡ್ರಿ, ಜಾರ್ತೈತಿ, ರಬ್ಬರ್ ಕೆಡ್ತೈತಿ. ಅಜ್ಜ ಎಣ್ಣಿ ಬಿಟ್ಟಿದ್ದು ಅಚ್ಚಿಗೆ. ಈಗಿನ ಬೇರಿಂಗ್ ಸೀಲ್ ಆಗಿರ್ತೈತಿ, ಗರಗರ ಅಂದ್ರ ಬದಲಿಸೋದೇ.

ನಾನು ಬದಲಿಸಿದೆ. ನಿಮ್ಮ ಗಾಡಿದು ಭತ್ತದ ಕೊಯ್ಲಿಗೆ ಮುಂಚೆ ನೋಡಿಸ್ಕೊಳ್ರಿ.