ಕುಸಾತ್ಸು: ಬಿಸಿನೀರಿನ ಊರು, ಅದರ ಕೆಳಗಿನ ಕೇರಿ

ಜಪಾನಿನ ಗುನ್ಮಾ ಪ್ರಾಂತ್ಯದ ಬೆಟ್ಟಗಳ ನಡುವೆ, ಸುಮಾರು 1,200 ಮೀಟರ್ ಎತ್ತರದಲ್ಲಿ ಕುಸಾತ್ಸು ಎಂಬ ಪುಟ್ಟ ಊರಿದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಗಂಧಕದ ವಾಸನೆ ಮೂಗಿಗೆ ಅಡರುತ್ತದೆ. ಊರಿನ ನಟ್ಟನಡುವೆ ‘ಯುಬತಾಕೆ’, ಎಂದರೆ ಬಿಸಿನೀರಿನ ಹೊಲ. ಅಲ್ಲಿ ಉಕ್ಕುವ ನೀರನ್ನು ಏಳು ಮರದ ಕಾಲುವೆಗಳಲ್ಲಿ ಹಾಯಿಸಿ ಆರಿಸುತ್ತಾರೆ. ತಣ್ಣೀರು ಬೆರೆಸಿದರೆ ನೀರಿನ ಗುಣ ಕೆಡುವುದೆಂದು ಉದ್ದನೆಯ ಹಲಗೆಗಳಿಂದ ಅದನ್ನು ಮಗುಚಿ ಮಗುಚಿ ತಣಿಸುವ ‘ಯುಮೋಮಿ’ ಪದ್ಧತಿಯೂ ಉಂಟು. ನಾನು ನೋಡಿದ್ದು ಪ್ರವಾಸಿಗರಿಗಾಗಿ ಹಾಡಿನೊಂದಿಗೆ ನಡೆಯುವ ಅದರ ಪ್ರದರ್ಶನವನ್ನು.

ಈ ನೀರಿನ ಹುಳಿ ಹೆಚ್ಚುಕಡಿಮೆ ನಿಂಬೆರಸದಷ್ಟು. ಅದು ಸೇರುವ ಹೊಳೆಯಲ್ಲಿ ಮೀನು ಬದುಕುತ್ತಿರಲಿಲ್ಲ; ಸೇತುವೆಗಳ ಕಾಂಕ್ರೀಟು ಸವೆಯುತ್ತಿತ್ತು. 1964ರಿಂದ ಸುಣ್ಣಕಲ್ಲಿನ ಪುಡಿಯನ್ನು ಕಲಸಿ ಹಗಲಿರುಳೂ ಹೊಳೆಗೆ ಬಿಡಲಾಗುತ್ತಿದೆ. ಕುಸಾತ್ಸುವಿಗೆ ಹೆಸರು ತಂದುದೂ ಇದೇ ತೀಕ್ಷ್ಣತೆ. ಎಂಟನೆಯ ಶೋಗುನ್ ತೊಕುಗಾವಾ ಯೋಶಿಮುನೆ ಈ ನೀರನ್ನು ಪೀಪಾಯಿಗಳಲ್ಲಿ ಎದೋ ನಗರಕ್ಕೆ ತರಿಸಿಕೊಂಡನು. 1876ರಲ್ಲಿ ಜಪಾನಿಗೆ ಬಂದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಇದರ ಗುಣಗಳನ್ನು ಹೊರಲೋಕಕ್ಕೆ ಸಾರಿದನು. ಅವನ ಪ್ರತಿಮೆ ಇಲ್ಲಿನ ಉದ್ಯಾನದಲ್ಲಿದೆ.

ಚರ್ಮರೋಗಕ್ಕೆ ಮದ್ದೆಂಬ ಖ್ಯಾತಿಯನ್ನು ನಂಬಿ ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಮನೆ, ಊರು, ಹೆಸರನ್ನೇ ತೊರೆದು ಬಂದವರು. 1887ರಲ್ಲಿ ಅವರನ್ನು ಊರಿನ ಕೆಳಗಿನ ಯುನೋಸಾವಾ ಎಂಬಲ್ಲಿಗೆ ಬೇರ್ಪಡಿಸಲಾಯಿತು. ಸಿರಿವಂತ ಅತಿಥಿಗಳ ಕಣ್ಣಿಗೆ ಬೀಳದಿರಲೆಂಬುದೇ ಅದರ ಮರ್ಮವೆಂದು ನನ್ನ ಊಹೆ. ಆದರೆ ಆ ಕೇರಿ ನರಕವಾಗಲಿಲ್ಲ. ಅಲ್ಲಿ ರೋಗಿಗಳೇ ಅಂಗಡಿ, ವಸತಿಗೃಹ ನಡೆಸಿದರು. ಮದುವೆಯಾದರು, ಮಕ್ಕಳನ್ನು ಪಡೆದರು. 1930ರ ಸುಮಾರಿಗೆ ಎಂಟುನೂರರಷ್ಟು ಜನರಿದ್ದರು. ಅರುವತ್ತರ ಹೊಸ್ತಿಲಲ್ಲಿದ್ದ ಆಂಗ್ಲ ಮಹಿಳೆ ಮೇರಿ ಕಾರ್ನ್‌ವಾಲ್ ಲೀ 1916ರಲ್ಲಿ ಇಲ್ಲಿಗೆ ಬಂದು ನೆಲೆಸಿ, ತಮ್ಮ ಆಸ್ತಿಯನ್ನೇ ವ್ಯಯಿಸಿ ಆಸ್ಪತ್ರೆ, ಶಾಲೆ, ವಸತಿಗಳನ್ನು ಕಟ್ಟಿದರು.

1931ರ ಕಾನೂನು ರೋಗಿಗಳೆಲ್ಲರನ್ನೂ ಕೂಡಿಹಾಕುವ ದಾರಿ ತೆರೆಯಿತು. ಮರುವರ್ಷ ಸಮೀಪದಲ್ಲೇ ಸರಕಾರಿ ರೋಗಿಧಾಮ ಆರಂಭವಾಯಿತು: ಕುರಿಯು ರಾಕುಸೆನ್-ಎನ್. ‘ರಾಕುಸೆನ್’ ಎಂದರೆ ಆನಂದದ ಚಿಲುಮೆ! 1940ರ ದಶಕದ ಆರಂಭದಲ್ಲಿ ಯುನೋಸಾವಾ ಕೇರಿಯನ್ನು ಅಳಿಸಲಾಯಿತು. ದೇಶದ ಇಂಥ ಧಾಮಗಳಲ್ಲಿ ಮದುವೆಯಾಗಬೇಕಾದರೆ ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿತ್ತು.

ಧಾಮದ ಆವರಣದಲ್ಲಿ 1938ರಲ್ಲಿ ಕಟ್ಟಿದ ಒಂದು ಕಟ್ಟಡಕ್ಕೆ ಕಾಗದದ ಮೇಲೆ ‘ವಿಶೇಷ ರೋಗಿಕೊಠಡಿ’ ಎಂದು ಹೆಸರು. ಚಿಕಿತ್ಸೆ ಅಲ್ಲಿ ನಡೆಯುತ್ತಿರಲಿಲ್ಲ. ಎದುರಾಡಿದ ರೋಗಿಗಳನ್ನು ದೇಶದ ನಾನಾ ಧಾಮಗಳಿಂದ ತಂದು, ವಿಚಾರಣೆಯಿಲ್ಲದೆ, ಹಿಮಗಾಲದಲ್ಲೂ ಬೆಂಕಿಯಿಲ್ಲದ ಕತ್ತಲೆ ಕೋಣೆಗಳಲ್ಲಿ ಇಡುತ್ತಿದ್ದರು. 1947ರವರೆಗೆ 93 ಮಂದಿ ಬಂಧಿತರಾದರು. 23 ಮಂದಿ ಸತ್ತರು.

ಅಷ್ಟರಲ್ಲಿ ರೋಗಕ್ಕೆ ಔಷಧ ಬಂದಿತ್ತು. ಆದರೂ 1953ರ ಕಾನೂನು ಪ್ರತ್ಯೇಕತೆಯನ್ನು ಮುಂದುವರಿಸಿತು. ಅದು ರದ್ದಾದುದು 1996ರಲ್ಲಿ. 2001ರಲ್ಲಿ ಕುಮಾಮೊತೊ ನ್ಯಾಯಾಲಯವು ಈ ನೀತಿ ಸಂವಿಧಾನವಿರೋಧಿಯೆಂದು ತೀರ್ಪಿತ್ತಿತು. ಸರಕಾರ ಮೇಲ್ಮನವಿ ಸಲ್ಲಿಸದೆ ಕ್ಷಮೆ ಕೇಳಿತು.

ಆ ಸೆರೆಮನೆಯ ನೆನಪಿಗಾಗಿ 2014ರಲ್ಲಿ ಸಂಗ್ರಹಾಲಯವೊಂದು ತೆರೆದಿದೆ. ಕೋಣೆಯೊಂದರ ಪ್ರತಿರೂಪವನ್ನು ನಿಜಗಾತ್ರದಲ್ಲಿ ಅಲ್ಲಿ ಕಟ್ಟಿದ್ದಾರೆ. ಮೂಲ ಕಟ್ಟಡದ ತಳಪಾಯ ಮಾತ್ರ ಕಾಡಿನ ಮರಗಳ ನಡುವೆ ಉಳಿದಿದೆ.