ಒಗಟಿನಿಂದ ಪದಬಂಧಕ್ಕೆ: ಸುಳಿವಿನ ಚರಿತ್ರೆ

ಜಾನಪದ ಅಧ್ಯಯನದಲ್ಲಿ ಒಗಟಿಗೆ ಗೌರವದ ಸ್ಥಾನವಿದೆ. ಸಂಗ್ರಹ, ವರ್ಗೀಕರಣ, ರಚನಾ ವಿಶ್ಲೇಷಣೆ ಎಂಬ ಮೂರು ನೆಲೆಗಳಲ್ಲಿಯೂ ಅದರ ಮೇಲೆ ಕೆಲಸ ನಡೆದಿದೆ. ಆದರೆ ಇಂಥ ಅಧ್ಯಯನಗಳು ಸಾಮಾನ್ಯವಾಗಿ ಒಂದು ವಿಷಾದದ ಮಾತಿನೊಡನೆ ಮುಗಿಯುತ್ತವೆ. ಓದುಬರಹ ಹರಡಿದಂತೆ, ಕೂಡಿ ಕುಳಿತುಕೊಳ್ಳುವ ಜಗಲಿ ಇಲ್ಲವಾದಂತೆ, ಒಗಟು ಅಳಿಯುತ್ತಿದೆ ಎಂಬುದೇ ಆ ಮಾತು. ಇದು ಪೂರ್ತಿ ನಿಜವಲ್ಲ. ದಿನಪತ್ರಿಕೆ ಕೈಗೆ ಬಂದೊಡನೆ ಮುಖಪುಟದ ಸುದ್ದಿಯನ್ನು ಬದಿಗಿರಿಸಿ ಒಳಪುಟದ ಕಪ್ಪುಬಿಳುಪು ಚೌಕಗಳತ್ತ ಹೊರಳುವ ಓದುಗ ಒಗಟಿನ ಲೋಕದಿಂದ ದೂರ ಸರಿದವನಲ್ಲ. ಪದಬಂಧವು ಒಗಟಿನ ಮುದ್ರಿತ ರೂಪ. ಈ ರೂಪಾಂತರದಲ್ಲಿ ಉಳಿದುದೇನು, ಕಳೆದುದೇನು ಎಂಬುದನ್ನು ಸುಳಿವಿನ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪದಬಂಧದ ಹುಟ್ಟಿಗೆ ಖಚಿತವಾದ ದಿನಾಂಕವಿದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಪತ್ರಕರ್ತ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ವಿನೋದ ಪುರವಣಿಯಲ್ಲಿ ವಜ್ರಾಕೃತಿಯ ಒಂದು ಸಮಸ್ಯೆಯನ್ನು ಪ್ರಕಟಿಸಿದರು. ಅವರು ಅದಕ್ಕಿಟ್ಟ ಹೆಸರು ‘ವರ್ಡ್-ಕ್ರಾಸ್’. ಕೆಲವು ವಾರಗಳ ಬಳಿಕ ಅಚ್ಚುಮೊಳೆ ಜೋಡಿಸುವವರ ಕೈತಪ್ಪಿನಿಂದ ಪದಗಳು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ತಪ್ಪೇ ಹೆಸರಾಗಿ ನಿಂತಿತು. ಆ ಮೊದಲ ಪದಬಂಧದ ಸುಳಿವುಗಳು ಬಹುಮಟ್ಟಿಗೆ ನಿಘಂಟಿನ ಅರ್ಥಗಳಂತಿದ್ದವು. ಈ ಸಮಸ್ಯೆ ಎಂಥದು ಎಂದು ಕೇಳಿ, ‘ಕಠಿಣ’ ಎಂಬರ್ಥದ ಪದವನ್ನು ನಿರೀಕ್ಷಿಸುವ ಒಂದು ಸುಳಿವಿನಲ್ಲಿ ಮಾತ್ರ ಸಣ್ಣ ನಗೆ ಇಣುಕುತ್ತದೆ. ಒಗಟಿನ ಜೀವಾಳವಾದ ರೂಪಕಕ್ಕೆ ಅಲ್ಲಿ ಇನ್ನೂ ಎಡೆ ದೊರೆತಿರಲಿಲ್ಲ.

1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಹೊಸ ಪ್ರಕಾಶಕರು ಪದಬಂಧಗಳ ಮೊದಲ ಪುಸ್ತಕವನ್ನು, ಪ್ರತಿಯೊಂದಕ್ಕೂ ಒಂದು ಪೆನ್ಸಿಲ್ ಸೇರಿಸಿ, ಹೊರತಂದಾಗ ಅಮೆರಿಕದಲ್ಲಿ ಅದು ದೊಡ್ಡ ಗೀಳಾಯಿತು. ಅದೇ ವರ್ಷ ‘ನ್ಯೂಯಾರ್ಕ್ ಟೈಮ್ಸ್’ ಈ ಗೀಳನ್ನು ಕಾಲಹರಣವೆಂದು ಹೀಗಳೆಯಿತು. ವಿಚಿತ್ರವೆಂದರೆ ಯುದ್ಧದ ಸುದ್ದಿಗಳು ಮನಸ್ಸನ್ನು ಕುಗ್ಗಿಸುತ್ತಿದ್ದ ಕಾಲದಲ್ಲಿ, 1942ರ ಫೆಬ್ರವರಿ 15ರಂದು, ಅದೇ ಪತ್ರಿಕೆ ತನ್ನ ಮೊದಲ ಪದಬಂಧವನ್ನು ಅಚ್ಚು ಹಾಕಿತು. 1924ರ ಪುಸ್ತಕದ ಸಂಪಾದಕರಲ್ಲೊಬ್ಬರಾಗಿದ್ದ ಮಾರ್ಗರೆಟ್ ಫರಾರ್ ಅವರೇ ಅಲ್ಲಿಯೂ ಪದಬಂಧದ ಮೊದಲ ಸಂಪಾದಕಿಯಾದರು.

ಸುಳಿವು ಮತ್ತೆ ಒಗಟಿನ ಗುಣವನ್ನು ಪಡೆದುದು ಇಂಗ್ಲೆಂಡಿನಲ್ಲಿ. ‘ಡೇಲಿ ಟೆಲಿಗ್ರಾಫ್’ 1925ರಲ್ಲಿ, ‘ಟೈಮ್ಸ್’ 1930ರ ಫೆಬ್ರವರಿ 1ರಂದು ಪದಬಂಧವನ್ನು ಆರಂಭಿಸಿದವು. ‘ಟೈಮ್ಸ್’ಗೆ ಮೊದಲ ಪದಬಂಧ ರಚಿಸಿದ ಏಡ್ರಿಯನ್ ಬೆಲ್ ಸಫೋಕ್ ಪ್ರಾಂತದಲ್ಲಿ ಬೇಸಾಯ ಮಾಡಿಕೊಂಡಿದ್ದ ಲೇಖಕರು. ಇದಕ್ಕೂ ಮೊದಲೇ, 1926ರಿಂದ, ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಗೂಢಾರ್ಥದ ಸುಳಿವುಗಳನ್ನೇ ಬಳಸಿದ ಪದಬಂಧಗಳನ್ನು ಕಟ್ಟುತ್ತಿದ್ದರು. ಅವರ ಅಂಕಿತನಾಮ ‘ಟಾರ್ಕ್ವಿಮಾಡ’. ಸ್ಪೇನಿನ ಮತವಿಚಾರಣೆಯ ಕುಖ್ಯಾತ ಮುಖ್ಯಸ್ಥನ ಹೆಸರದು. 1939ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಡಿ.ಎಸ್. ಮೆಕ್‌ನಟ್ ಅಂಥದೇ ಇನ್ನೊಬ್ಬನ ಹೆಸರಾದ ‘ಜಿಮೆನೀಸ್’ ಎಂಬುದನ್ನು ಧರಿಸಿದರು. 1972ರಲ್ಲಿ ಅವರ ಸ್ಥಾನಕ್ಕೆ ಬಂದ ಜೊನಾಥನ್ ಕ್ರೌದರ್ ‘ಡೆಝ’ ಎಂಬ ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ತಿರುಗಿಸಿ ‘ಅಝೆಡ್’ ಆದರು.

ಈ ಅಂಕಿತಗಳು ಬರಿಯ ತಮಾಷೆಯಲ್ಲ. ಒಗಟು ಕೇಳುವವನ ಕೈಯಲ್ಲಿ ಕೇಳಿಸಿಕೊಳ್ಳುವವನ ಪ್ರಾಣವಿರುವ ಆಶಯ ಜಗತ್ತಿನ ಕಥನಗಳಲ್ಲೆಲ್ಲ ಉಂಟು. ಯಕ್ಷನ ಪ್ರಶ್ನೆಗಳನ್ನು ಲೆಕ್ಕಿಸದೆ ಕೊಳದ ನೀರನ್ನು ಕುಡಿದ ನಾಲ್ವರು ಪಾಂಡವರು ದಡದಲ್ಲಿ ಬಿದ್ದುದು, ಉತ್ತರಿಸಿದ ಧರ್ಮರಾಯನಿಂದ ಅವರು ಮತ್ತೆ ಎದ್ದುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಯಕ್ಷನಾದರೂ ಉತ್ತರ ಸರಿಯಾದಾಗ ಅದನ್ನು ಒಪ್ಪಿಕೊಂಡ. ಕೇಳುವವನು ಎಷ್ಟೇ ಕಠಿಣನಾಗಿರಲಿ, ನ್ಯಾಯವಂತನಾಗಿರಬೇಕೆಂಬುದು ಒಗಟಿನ ಮೊದಲ ಕಟ್ಟಳೆ. ಜಿಮೆನೀಸ್ 1966ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಕಟ್ಟಳೆಯನ್ನೇ ಶಾಸ್ತ್ರವಾಗಿಸಿದರು. ಅವರ ಪ್ರಕಾರ ಒಳ್ಳೆಯ ಸುಳಿವಿನಲ್ಲಿ ಉತ್ತರದ ನೇರ ಅರ್ಥವಿರಬೇಕು, ಪದವನ್ನು ಕಟ್ಟುವ ಇನ್ನೊಂದು ದಾರಿ ಇರಬೇಕು, ಇವೆರಡನ್ನು ಬಿಟ್ಟು ಬೇರೇನೂ ಇರಬಾರದು. ದಿಕ್ಕು ತಪ್ಪಿಸಬಹುದು, ಆದರೆ ಸುಳ್ಳು ಹೇಳಬಾರದು.

ಈ ನಿಯಮವನ್ನು ಕನ್ನಡದಲ್ಲಿಯೇ ಪರೀಕ್ಷಿಸಿ ನೋಡಬಹುದು. ‘ಶಿರವನ್ನು ವಿಕ್ರಯಿಸು ಎನ್ನುವ ಪೀಳಿಗೆ (4)’ ಎಂಬ ಸುಳಿವನ್ನು ಕಲ್ಪಿಸಿಕೊಳ್ಳೋಣ. ಮೊದಲ ಓದಿಗೆ ಅದು ಕ್ರೂರವಾದ ಕಾಲವೊಂದರ ಚಿತ್ರ. ಶಿರ ಎಂದರೆ ತಲೆ, ವಿಕ್ರಯಿಸು ಎಂದರೆ ಮಾರು. ಎರಡನ್ನೂ ಕೂಡಿಸಿದರೆ ‘ತಲೆಮಾರು’, ಅಂದರೆ ಪೀಳಿಗೆ. ಉತ್ತರ ಹೊಳೆದೊಡನೆ ಆ ಕ್ರೂರ ಚಿತ್ರ ಕರಗಿಹೋಗುತ್ತದೆ. 1963ರಲ್ಲಿ ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡಿಸ್ ಒಗಟಿನ ರಚನೆಯನ್ನು ವಿವರಿಸುವಾಗ ವರ್ಣನೆಯ ಅಂಶಗಳ ನಡುವಣ ವಿರೋಧಕ್ಕೆ ವಿಶೇಷ ಮಹತ್ವ ನೀಡಿದರು. ಮೇಲ್ನೋಟದ ವಿರೋಧ ಉತ್ತರದಲ್ಲಿ ಶಮನವಾಗುವುದೇ ಒಗಟಿನ ಸುಖ. ಗೂಢ ಸುಳಿವಿನ ಸುಖವೂ ಅದೇ. ಅಲ್ಲಮನ ಬೆಡಗಿನ ವಚನಗಳನ್ನೂ ಕನಕದಾಸರ ಮುಂಡಿಗೆಗಳನ್ನೂ ಬಲ್ಲ ಸಮುದಾಯಕ್ಕೆ, ಹೊರಮಾತಿನ ಕೆಳಗೆ ಒಳಮಾತನ್ನು ಹುಡುಕುವುದು ಹೊಸ ಅಭ್ಯಾಸವೇನಲ್ಲ. ಅವುಗಳ ಗುರಿ ಅನುಭಾವ, ಪದಬಂಧದ ಗುರಿ ವಿನೋದ ಎಂಬ ಅಂತರವನ್ನು ಮರೆಯದಿದ್ದರೆ ಸಾಕು.

ಬಾಯಿಮಾತಿಗೂ ಮುದ್ರಣಕ್ಕೂ ನಡುವೆ ಕೊಡುಕೊಳೆ ನಿಲ್ಲಲಿಲ್ಲ ಎಂಬುದಕ್ಕೆ ಎರಡನೆಯ ಮಹಾಯುದ್ಧ ಕಾಲದ ಒಂದು ಪ್ರಸಂಗ ಸಾಕ್ಷಿಯಾಗಿದೆ. 1944ರ ಮೇ ತಿಂಗಳಲ್ಲಿ ಹಾಗೂ ಜೂನ್ ಮೊದಲ ದಿನ ‘ಡೇಲಿ ಟೆಲಿಗ್ರಾಫ್’ ಪದಬಂಧಗಳ ಉತ್ತರಗಳಾಗಿ ಯೂಟಾ, ಒಮಾಹ, ಓವರ್‌ಲಾರ್ಡ್, ಮಲ್ಬೆರಿ, ನೆಪ್ಚೂನ್ ಎಂಬ ಪದಗಳು ಬಂದವು. ಇವೆಲ್ಲ ಜೂನ್ 6ರಂದು ನಡೆಯಲಿದ್ದ ನಾರ್ಮಂಡಿ ದಾಳಿಯ ರಹಸ್ಯ ಸಂಕೇತಗಳು. ರಚನಕಾರ ಲಿಯೊನಾರ್ಡ್ ಡಾ ಒಂದು ಶಾಲೆಯ ಮುಖ್ಯೋಪಾಧ್ಯಾಯರು. ಗುಪ್ತಚರ ಇಲಾಖೆ ಅವರನ್ನು ವಿಚಾರಿಸಿ, ದೋಷ ಕಾಣದೆ ಬಿಟ್ಟಿತು. ನಲವತ್ತು ವರ್ಷಗಳ ಬಳಿಕ, 1984ರಲ್ಲಿ, ಅವರ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ವಿವರಣೆ ನೀಡಿದರು. ಚೌಕಗಳನ್ನು ತುಂಬಲು ಗುರುಗಳು ಹುಡುಗರಿಂದ ಪದಗಳನ್ನು ಕೇಳುತ್ತಿದ್ದರು. ಹುಡುಗರು ಹತ್ತಿರದ ಶಿಬಿರದ ಸೈನಿಕರ ಬಾಯಲ್ಲಿ ಕೇಳಿದ ಪದಗಳನ್ನು ಕೊಡುತ್ತಿದ್ದರು. ಈ ವಿವರಣೆಯನ್ನು ಒಪ್ಪುವುದಾದರೆ, ಸೇನೆಯ ಗುಟ್ಟು ಬಯಲಾದುದು ಗೂಢಚಾರನಿಂದಲ್ಲ, ಕಿವಿಯಿಂದ ಕಿವಿಗೆ ಹರಿದ ಮಾತಿನಿಂದ. ಇದಕ್ಕೆ ಎರಡು ವರ್ಷ ಮೊದಲು, 1942ರ ಜನವರಿಯಲ್ಲಿ, ಅದೇ ಪತ್ರಿಕೆ ಹನ್ನೆರಡು ನಿಮಿಷಗಳೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತ್ತು. ಭಾಗವಹಿಸಿದವರಲ್ಲಿ ಕೆಲವರಿಗೆ ಶತ್ರುವಿನ ಸಂಕೇತಲಿಪಿ ಭೇದಿಸುವ ಬ್ಲೆಚ್ಲಿ ಪಾರ್ಕ್ ಕೇಂದ್ರದಲ್ಲಿ ಕೆಲಸ ದೊರೆಯಿತು. ಕಾಲಹರಣವೆನಿಸಿಕೊಂಡ ಬುದ್ಧಿಗೆ ದೇಶ ಕಾಯುವ ಹೊಣೆ ಬಂದಿತು.

ಕನ್ನಡಕ್ಕೆ ಬಂದಾಗ ಪದಬಂಧದ ಸ್ವರೂಪವೇ ಬದಲಾಯಿತು. ರೋಮನ್ ಲಿಪಿಯಲ್ಲಿ ಒಂದು ಚೌಕಕ್ಕೆ ಇಪ್ಪತ್ತಾರು ಅಕ್ಷರಗಳಲ್ಲಿ ಒಂದು. ಕನ್ನಡದಲ್ಲಿ ಮೂವತ್ತನಾಲ್ಕು ವ್ಯಂಜನಗಳು ಸ್ವರಗಳೊಡನೆ ಕೂಡಿ ಆಗುವ ಗುಣಿತಾಕ್ಷರಗಳೇ ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಆದ್ದರಿಂದ ಎರಡು ಪದಗಳು ಸಂಧಿಸುವ ಚೌಕದಲ್ಲಿ ಒಂದು ಅಕ್ಷರ ದೊರೆತರೆ ಬಿಡಿಸುವವರಿಗೆ ಇಂಗ್ಲಿಷಿಗಿಂತ ಹೆಚ್ಚಿನ ನೆರವು; ಕಟ್ಟುವವರಿಗೆ ಅಷ್ಟೇ ಹೆಚ್ಚಿನ ಕಷ್ಟ. ‘ಕರ್ನಾಟಕ’ ನಾಲ್ಕು ಚೌಕಗಳ ಪದ. ಅದರ ‘ರ್ನಾ’ ಎಂಬಲ್ಲಿ ಮೇಲಿನಿಂದ ಕೆಳಕ್ಕೆ ಇನ್ನೊಂದು ಪದವನ್ನು ಹೆಣೆಯಲು ಹೊರಟರೆ ‘ನಿರ್ನಾಮ’, ‘ದುರ್ನಾತ’ಗಳಂಥ ಅಮಂಗಳ ಪದಗಳೇ ಮೊದಲು ಎದುರಾಗುತ್ತವೆ. ಇಂಥ ಇಕ್ಕಟ್ಟುಗಳ ನಡುವೆಯೂ ‘ಪ್ರಜಾವಾಣಿ’ಯಂಥ ಪತ್ರಿಕೆಗಳಲ್ಲಿ ಪದಬಂಧ ನೆಲೆಯೂರಿತು. ಅಸಂಖ್ಯ ಕನ್ನಡ ಪದಬಂಧಗಳನ್ನು ರಚಿಸಿದ ಅ.ನಾ. ಪ್ರಹ್ಲಾದರಾವ್ ಅವರ ಸಾಧನೆಯನ್ನು ಲಿಮ್ಕಾ ದಾಖಲೆಗಳ ಪುಸ್ತಕ ಗುರುತಿಸಿತು.

ಇನ್ನೂ ಮುಖ್ಯವಾದ ಭೇದವೊಂದಿದೆ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವ ಆಟ ಕಣ್ಣಿನದು. ಬರೆದು ನೋಡದೆ ಅದು ತಿಳಿಯುವುದು ಕಷ್ಟ. ಕನ್ನಡದಲ್ಲಿ ಹಾಗಲ್ಲ. ‘ಹಿಂದುಮುಂದಾದ ಕೋತಿ ವಸಂತದಲ್ಲಿ ಹಾಡುತ್ತದೆ (2)’ ಎಂದರೆ ಕಪಿ ತಿರುಗಿ ‘ಪಿಕ’ವಾಗುತ್ತದೆ. ಹಿಂದಕ್ಕೆ ಹರಿದ ‘ನದಿ’ ಒಂದು ‘ದಿನ’ವಾಗುತ್ತದೆ. ಇದನ್ನು ಓದುಬಾರದವರೂ ಬಾಯಲ್ಲಿ ತಿರುಗಿಸಿ ನೋಡಬಲ್ಲರು. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ‘ವಿಕಟಕವಿ’ ಎಂಬ ಬಿರುದಿನ ಸ್ವಾರಸ್ಯವಿರುವುದೂ, ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಮಕ್ಕಳು ಗುಟ್ಟು ಮಾತಾಡುವ ‘ಕ’ಭಾಷೆ ನಡೆಯುವುದೂ ಈ ಅಕ್ಷರಪ್ರಜ್ಞೆಯ ಮೇಲೆಯೇ. ಹೀಗಾಗಿ ಕನ್ನಡದ ಪದಬಂಧವು ಮುದ್ರಣದಲ್ಲಿ ಹುಟ್ಟಿದ ಆಟವಾದರೂ ಬಾಯಿಮಾತಿನಿಂದ ಪೂರ್ತಿಯಾಗಿ ಕಳಚಿಕೊಂಡಿಲ್ಲ ಎನ್ನಬಹುದು.

ಆದರೆ ಕಳೆದುದೂ ಉಂಟು. ಜಗಲಿಯ ಒಗಟಿನಲ್ಲಿ ಉತ್ತರ ಸರಿಯೆಂದು ಹೇಳಲು ಎದುರಿಗೆ ಒಬ್ಬ ಮನುಷ್ಯನಿದ್ದ. ಪದಬಂಧದಲ್ಲಿ ಆ ಕೆಲಸವನ್ನು ಅಡ್ಡ ಹಾಯುವ ಇನ್ನೊಂದು ಪದ ಮಾಡುತ್ತದೆ, ರಚನಕಾರ ಕಾಣಿಸುವುದಿಲ್ಲ. ಆದರೂ ಮನೆಯೊಳಗೆ ಒಬ್ಬರು ಸುಳಿವನ್ನು ಗಟ್ಟಿಯಾಗಿ ಓದುವುದು, ಅಡುಗೆಮನೆಯಿಂದ ಅಜ್ಜಿಯೊಬ್ಬರು ಮರೆತುಹೋಗಿದ್ದ ಪದವೊಂದನ್ನು ಒದಗಿಸುವುದು ನಡೆದಾಗಲೆಲ್ಲ ಹಳೆಯ ಜಗಲಿ ಮತ್ತೆ ಕೂಡುತ್ತದೆ. ಒನಕೆ, ಮೊರ, ಏತ, ಕಣಜದಂಥ ಪದಗಳು ಬಳಕೆಯಿಂದ ಸರಿದ ಮೇಲೂ ಉತ್ತರವಾಗಿ ಬದುಕಲು ಅಲ್ಲಿ ಎಡೆಯಿದೆ. ಮರುದಿನ ಉತ್ತರ ಪ್ರಕಟವಾದೊಡನೆ ಹಿಂದಿನ ದಿನದ ಪದಬಂಧ ರದ್ದಿಯಾಗುತ್ತದೆ. ಒಗಟುಗಳನ್ನು ಊರೂರು ಅಲೆದು ಸಂಗ್ರಹಿಸಿದ ಜಾನಪದ ವಿದ್ವಾಂಸರು ಹಳೆಯ ಪತ್ರಿಕೆಗಳ ಈ ಚೌಕಗಳನ್ನೂ ಅಂಥದೇ ಆಸ್ಥೆಯಿಂದ ಕೂಡಿಡಬೇಕಾಗಿದೆ. ಒಂದು ತಲೆಮಾರು ಯಾವ ಪದಗಳನ್ನು ತನ್ನ ಓದುಗರು ಬಲ್ಲರೆಂದು ನಂಬಿತ್ತು ಎಂಬುದಕ್ಕೆ ಅಷ್ಟು ನೇರವಾದ ದಾಖಲೆ ಬೇರೆಡೆ ದೊರೆಯುವುದು ವಿರಳ.