ಕೋಲನ್ನ ನಿಷೇಧಿಸಿದರು, ಕೈಯನ್ನ ನಿಷೇಧಿಸೋಕಾಗಲಿಲ್ಲ

ಸಾಮ್ರಾಜ್ಯಗಳು ಪುಸ್ತಕಗಳನ್ನ ನಿಷೇಧಿಸಿದ್ದನ್ನ ಕೇಳಿದ್ದೀರಿ. ನಾಟಕಗಳನ್ನ, ಪತ್ರಿಕೆಗಳನ್ನ ನಿಷೇಧಿಸಿದ್ದನ್ನೂ ಕೇಳಿದ್ದೀರಿ. ಆದರೆ ಬ್ರಿಟಿಷರು ಒಂದು ಕೋಲನ್ನ ನಿಷೇಧಿಸಿದ್ದರು ಅಂದ್ರೆ ನಂಬ್ತೀರಾ? ಕತ್ತಿಯಲ್ಲ, ಕೋವಿಯಲ್ಲ. ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಗಾಲ್ಫ್ ಕೋಲು. ಅದರ ಹೆಸರು ಪಟರ್. ಆ ನಿಷೇಧ ನಾಲ್ಕು ದಶಕ ಬದುಕಿತ್ತು. ಎರಡು ಮಹಾಯುದ್ಧಗಳು ಬಂದು ಹೋದವು, ಭಾರತಕ್ಕೆ ಸ್ವಾತಂತ್ರ್ಯ ಬಂತು, ಆ ಕೋಲಿಗೆ ಮಾತ್ರ ಬಿಡುಗಡೆ ಸಿಕ್ಕಿರಲಿಲ್ಲ.

ಗಾಲ್ಫ್ ಅಂದ ಕೂಡಲೇ ಅದು ಶ್ರೀಮಂತರ ಆಟ, ನಮಗೇನು ಕೆಲಸ ಅಂತ ಚಾನಲ್ ಬದಲಾಯಿಸುವವರು ಬಹಳ. ಬದಲಾಯಿಸಬೇಡಿ. ಇದು ಹುಲ್ಲಿನ ಕಥೆಗಿಂತ ಹೆಚ್ಚಾಗಿ ನಿಯಮದ ಕಥೆ. ಹೊರಗಿನವನು ಬಂದು ಗೆದ್ದಾಗ ಒಳಗಿನವರು ಏನು ಮಾಡ್ತಾರೆ ಅನ್ನೋ ಕಥೆ.

1904ನೇ ಇಸವಿ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರು, ಅಲ್ಲಿನ ರಾಯಲ್ ಸೇಂಟ್ ಜಾರ್ಜಸ್ ಮೈದಾನ. ಬ್ರಿಟಿಷ್ ಅಮೆಚೂರ್ ಚಾಂಪಿಯನ್‌ಷಿಪ್. ಅಲ್ಲಿಗೆ ಬಂದವನು ವಾಲ್ಟರ್ ಟ್ರಾವಿಸ್. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ನೆಲೆಸಿದ್ದು ಅಮೆರಿಕದಲ್ಲಿ. ವಯಸ್ಸು 42. ಗಾಲ್ಫ್ ಕೋಲು ಮೊದಲ ಸಲ ಹಿಡಿದಿದ್ದೇ ಮೂವತ್ತು ದಾಟಿದ ಮೇಲೆ. ಅಷ್ಟರಲ್ಲಾಗಲೇ ಮೂರು ಸಲ ಅಮೆರಿಕದ ಅಮೆಚೂರ್ ಪ್ರಶಸ್ತಿ ಗೆದ್ದಿದ್ದ. ಆದರೆ ಉದ್ದ ಹೊಡೆತ ಅವನಿಂದ ಆಗ್ತಿರಲಿಲ್ಲ. ಫೈನಲ್‌ನಲ್ಲಿ ಅವನ ಎದುರಿಗಿದ್ದವನು ಎಡ್ವರ್ಡ್ ಬ್ಲ್ಯಾಕ್‌ವೆಲ್, ಆ ಕಾಲದಲ್ಲಿ ಚೆಂಡನ್ನು ಅತಿ ದೂರ ಅಟ್ಟುವವರಲ್ಲಿ ಒಬ್ಬ.

ಬ್ಲ್ಯಾಕ್‌ವೆಲ್ ಹೊಡೆದ ಚೆಂಡು ಎಲ್ಲೋ ದೂರದಲ್ಲಿ ಬಿದ್ದಿರ್ತಿತ್ತು, ಟ್ರಾವಿಸ್‌ನದ್ದು ಹಿಂದೆ. ಆದರೆ ಗ್ರೀನ್ ತಲುಪಿದ ಮೇಲೆ ಲೆಕ್ಕ ತಿರುಗಾಮುರುಗಾ! ಟ್ರಾವಿಸ್ ಕೈಯಲ್ಲಿದ್ದದ್ದು ವಿಚಿತ್ರವಾದ ಪಟರ್. ಅಲ್ಯೂಮಿನಿಯಂ ತಲೆ, ಸುತ್ತಿಗೆಯಂತೆ ದಪ್ಪ. ಹಿಡಿಯ ಕೋಲು ತಲೆಯ ಒಂದು ತುದಿಗಲ್ಲ, ನಡುವಿಗೆ ಸೇರಿತ್ತು. ಬೇರೆಯವರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ತೆಳುವಾದ ಕಬ್ಬಿಣದ ಅಲಗು ಅಥವಾ ಮರದ ತಲೆಯ ಪಟರ್. ಈ ಹೊಸ ಕೋಲಿಗೆ ಸ್ಕೆನೆಕ್ಟಡಿ ಪಟರ್ ಅಂತ ಹೆಸರು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆಗಿದ್ದ ಆರ್ಥರ್ ನೈಟ್ ಅದನ್ನ ರೂಪಿಸಿ, 1903ರಲ್ಲಿ ಪೇಟೆಂಟ್ ಪಡೆದಿದ್ದ. ಟ್ರಾವಿಸ್ ದೂರದಿಂದ, ಹತ್ತಿರದಿಂದ ಒಂದರ ಹಿಂದೆ ಒಂದು ಪಟ್ ಕುಳಿಗೆ ಇಳಿಸಿದ. ಇನ್ನೂ ಮೂರು ಹೋಲ್ ಬಾಕಿ ಇರುವಾಗಲೇ ನಾಲ್ಕು ಹೋಲ್‌ಗಳ ಮುನ್ನಡೆಯಲ್ಲಿ ಪಂದ್ಯ ಮುಗಿಸಿದ. ಬ್ರಿಟನ್ನಿನ ಹೊರಗಿನವನೊಬ್ಬ ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಮುಂದೆ ಏನಾಯ್ತು? 1910ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ, ಅಂದ್ರೆ ಬ್ರಿಟಿಷ್ ಗಾಲ್ಫ್‌ನ ಪರಮೋಚ್ಚ ಸಂಸ್ಥೆ, ಸುತ್ತಿಗೆ ತಲೆಯ ಪಟರ್‌ಗಳು ನಿಯಮಬಾಹಿರ ಅಂತ ತೀರ್ಪು ಕೊಟ್ಟಿತು. ಸ್ಕೆನೆಕ್ಟಡಿಯೂ ಅದರಲ್ಲಿ ಸಿಕ್ಕಿಬಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಟ್ರಾವಿಸ್ ಗೆದ್ದ, ಮರುದಿನವೇ ಬ್ರಿಟಿಷರು ಸಿಟ್ಟಿನಿಂದ ಕೋಲು ಕಿತ್ತುಕೊಂಡರು ಅಂತ ಕಥೆ ಕಟ್ಟುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಇಸವಿಗಳು ಹಾಗೆ ಹೇಳೋದಿಲ್ಲ. ನಡುವೆ ಆರು ವರ್ಷ ಕಳೆದಿದೆ. ಸುತ್ತಿಗೆಯಂಥ ಕೋಲು ಬಳಸಬಹುದಾ ಅಂತ ನ್ಯೂಜಿಲೆಂಡಿನ ಒಂದು ಕ್ಲಬ್ ಕೇಳಿದ ಪ್ರಶ್ನೆಯಿಂದ ಈ ಚರ್ಚೆ ಶುರುವಾಗಿದ್ದು. ಸೇಡು ಅನ್ನೋದು ಸುಲಭದ ವಿವರಣೆ. ಆದರೆ ಅಮೆರಿಕನ್ನರಿಗೆ ಅದು ಸೇಡಿನಂತೆಯೇ ಕಂಡಿತು. ಅಲ್ಲಿನ ಸಂಸ್ಥೆ ಯುಎಸ್‌ಜಿಎ, ನಾವು ಈ ಕೋಲನ್ನ ನಿಷೇಧಿಸೋದಿಲ್ಲ ಅಂತ ಕಡ್ಡಿ ಮುರಿದಂತೆ ಹೇಳಿಬಿಟ್ಟಿತು. ಒಂದೇ ಆಟ, ಸಾಗರದ ಈಚೆ ಒಂದು ನಿಯಮ, ಆಚೆ ಇನ್ನೊಂದು. ನ್ಯೂಯಾರ್ಕ್‌ನಲ್ಲಿ ಸರಿಯಾದ ಕೋಲು ಲಂಡನ್ನಿನಲ್ಲಿ ಅಪರಾಧ! 1951ರಲ್ಲಿ ಎರಡೂ ಸಂಸ್ಥೆಗಳು ಕೂತು ನಿಯಮಗಳನ್ನ ಒಂದು ಮಾಡಿದವು, 1952ರಿಂದ ಅವು ಜಾರಿಗೆ ಬಂದವು. ನಡುವಿಗೆ ಕೋಲು ಸೇರಿಸಿದ ಪಟರ್ ಬ್ರಿಟನ್ನಿನಲ್ಲಿ ಮತ್ತೆ ಬೆಳಕು ಕಂಡಿದ್ದು ಆಗಲೇ.

ಒಂದು ಕೋಲಿಗೆ ಇಷ್ಟು ರಾದ್ಧಾಂತ ಯಾಕೆ? ಲೆಕ್ಕ ನೋಡಿ. 18 ಹೋಲ್‌ಗಳ ಮೈದಾನದಲ್ಲಿ ಸಾಮಾನ್ಯವಾಗಿ ಪಾರ್ 72 ಹೊಡೆತ. ಅದರಲ್ಲಿ ಹೋಲ್‌ಗೆ ಎರಡರಂತೆ 36 ಹೊಡೆತಗಳನ್ನ ಗ್ರೀನ್ ಮೇಲಿನ ಪಟ್‌ಗಳಿಗೆ ಮೀಸಲಿಟ್ಟಿದ್ದಾರೆ. ಆಟಗಾರನ ಚೀಲದಲ್ಲಿ 14 ಕೋಲುಗಳಿರಬಹುದು, ಅರ್ಧ ಆಟ ಮಾತ್ರ ಒಂದೇ ಕೋಲಿನದ್ದು. ಕುಳಿಯ ಅಗಲ ನಾಲ್ಕೂಕಾಲು ಇಂಚು. ಮುನ್ನೂರು ಗಜ ಹೊಡೆದದ್ದೂ ಒಂದು ಹೊಡೆತ, ಒಂದು ಗೇಣು ತಳ್ಳಿದ್ದೂ ಒಂದು ಹೊಡೆತ. ಈ ಆಟದ ನ್ಯಾಯ ಇದು, ಕ್ರೌರ್ಯವೂ ಇದೇ.

ಹೊಸಬರು ಪಟ್ ಮಾಡುವಾಗ ದಿಕ್ಕಿನ ಬಗ್ಗೆಯೇ ತಲೆ ಕೆಡಿಸಿಕೊಳ್ತಾರೆ. ಎಡಕ್ಕೆ ಹೋಯ್ತಾ, ಬಲಕ್ಕೆ ಹೋಯ್ತಾ? ಆದರೆ ಮೂವತ್ತು ಅಡಿ ದೂರದಿಂದ ತಳ್ಳಿದಾಗ ಮುಳುಗಿಸೋದು ಹೆಚ್ಚಾಗಿ ದೂರ. ಆರಡಿ ಹಿಂದೆಯೇ ನಿಲ್ಲುತ್ತೆ, ಇಲ್ಲಾಂದ್ರೆ ಆರಡಿ ಮುಂದೆ ಓಡುತ್ತೆ. ಒಗ್ಗರಣೆಗೆ ಎಷ್ಟು ಉಪ್ಪು ಅಂತ ಅಳತೆಯ ಚಮಚ ಇಲ್ಲದೆ ಅಜ್ಜಿ ಹೇಗೆ ಹಾಕ್ತಿದ್ದರೋ, ಅದೇ ಹದ ಇಲ್ಲೂ ಬೇಕು. ಆ ಹದ ಕೈಗೆ ಬರೋದಕ್ಕೆ ಕೋಲು ಎಷ್ಟು ಸಹಾಯ ಮಾಡಬಲ್ಲದು? ಈ ಪ್ರಶ್ನೆಗೆ ಉತ್ತರ ಹುಡುಕಿದವನು ಇನ್ನೊಬ್ಬ ಎಂಜಿನಿಯರ್. ಸೋಜಿಗ ನೋಡಿ, ಅವನೂ ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿಯವನೇ!

ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ಅಪ್ಪ ಚಪ್ಪಲಿ, ಬೂಟು ಹೊಲಿಯುವ ಕಸುಬಿನವನು. ಮಗನೂ ಕೆಲಕಾಲ ಅದನ್ನೇ ಮಾಡಿದ. ಆಮೇಲೆ ಎಂಜಿನಿಯರ್ ಆದ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಅವನು ಕೆಲಸ ಮಾಡಿದ್ದು ಯಾವುದರ ಮೇಲೆ ಗೊತ್ತಾ? ಎತ್ತಿಕೊಂಡು ಓಡಾಡಬಹುದಾದ ಟಿವಿ ಸೆಟ್‌ಗಳ ಮೇಲೂ! ಟಿವಿಯಲ್ಲೇ ಅನ್ನ ಕಾಣುವ ನನ್ನಂಥವನಿಗೆ ಈ ಮನುಷ್ಯನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಇದ್ದರೆ ಕ್ಷಮಿಸಿ.

ಸಹೋದ್ಯೋಗಿಗಳು ಕರೆದರು ಅಂತ ನಲವತ್ತು ದಾಟಿದ ಮೇಲೆ ಗಾಲ್ಫ್ ಶುರು ಮಾಡಿದ. ಉಳಿದದ್ದೆಲ್ಲ ಒಲಿಯಿತು, ಪಟ್ ಮಾತ್ರ ಒಲಿಯಲಿಲ್ಲ. ಬೇರೆಯವರಾಗಿದ್ದರೆ ತಮ್ಮ ಕೈಯನ್ನ ಬೈದುಕೊಳ್ತಿದ್ದರು. ಇವನು ಕೋಲನ್ನ ಅನುಮಾನಿಸಿದ. ತೆಳು ಅಲಗಿನ ಪಟರ್‌ನಲ್ಲಿ ಚೆಂಡು ನಡುವಿಗೆ ತಾಗದೆ ಅರ್ಧ ಇಂಚು ಆಚೀಚೆ ತಾಗಿದರೂ ತಲೆ ತಿರುಚಿಕೊಳ್ಳುತ್ತೆ. ದಿಕ್ಕೂ ತಪ್ಪುತ್ತೆ, ಹೊಡೆತದ ಬಲ ಸೋರಿ ಚೆಂಡು ಗುರಿಗೆ ಮುಂಚೆಯೇ ನಿಲ್ಲುತ್ತೆ.

ಪರಿಹಾರ? ಭಾರವನ್ನ ನಡುವಿನಿಂದ ತೆಗೆದು ಎರಡು ತುದಿಗೆ ಹಂಚಿಬಿಡೋದು. ಸಕ್ಕರೆ ಗಟ್ಟಿಗಳಿಗೆ ಐಸ್‌ಕ್ರೀಂ ಕಡ್ಡಿ ಅಂಟಿಸಿ ಅವನು ಇದನ್ನ ಪರೀಕ್ಷಿಸಿದ ಅಂತ ಹೇಳ್ತಾರೆ. ನಮಗೆ ಅರ್ಥವಾಗೋಕೆ ಸಕ್ಕರೆ ಗಟ್ಟಿಯೂ ಬೇಡ. ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ತುದಿಗೆ ನೀರಿನ ಕೊಡ ತೂಗುಹಾಕಿಕೊಂಡು ಹೋಗೋರನ್ನ ನೆನಪಿಸಿಕೊಳ್ಳಿ. ಅವರು ಥಟ್ಟನೆ ಪಕ್ಕಕ್ಕೆ ತಿರುಗೋಕಾಗಲ್ಲ. ತುದಿಗಳ ಭಾರ ತಿರುಗುವಿಕೆಯನ್ನ ತಡೆಯುತ್ತೆ. ಅಷ್ಟೇ ವಿಜ್ಞಾನ. ಅಡ್ಡೆಯ ಬದಲು ಪಟರ್‌ನ ತಲೆ, ಕೊಡದ ಬದಲು ಲೋಹ.

1959ರಲ್ಲಿ ಕ್ಯಾಲಿಫೋರ್ನಿಯಾದ ತನ್ನ ಮನೆಯ ಗ್ಯಾರೇಜಿನಲ್ಲಿ ಸೋಲ್ಹೈಮ್ ಪಟರ್ ಮಾಡಿದ. ಚೆಂಡಿಗೆ ತಾಗಿದಾಗ ‘ಪಿಂಗ್’ ಅಂತ ಸದ್ದು ಬರ್ತಿತ್ತು. ಅದನ್ನೇ ಹೆಸರಾಗಿಟ್ಟ. 1966ರಲ್ಲಿ ಹೊಸ ವಿನ್ಯಾಸ ಹೊಳೆದಾಗ ಪಕ್ಕದಲ್ಲಿ ಕಾಗದ ಇರಲಿಲ್ಲವಂತೆ, ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆ ಬರೆದ. ಏನು ಹೆಸರಿಡೋದು ಅಂತ ಹೆಂಡತಿ ಲೂಯಿಸ್ ಹತ್ರ ಕೇಳಿದ. ಇದು ಸಮಸ್ಯೆಗೆ ಉತ್ತರ ತಾನೇ, ‘ಆನ್ಸರ್’ ಅಂತಿಡಿ ಅಂದರು ಆಕೆ. ಇಂಗ್ಲಿಷ್ ಪದದ ಅಕ್ಷರಗಳೆಲ್ಲ ಆ ಚಿಕ್ಕ ಜಾಗದಲ್ಲಿ ಕೂರಲಿಲ್ಲ. ಉಚ್ಚಾರ ಬದಲಾಗೋದಿಲ್ಲವಲ್ಲ, ಒಂದಕ್ಷರ ಬಿಟ್ಟುಬಿಡಿ ಅಂತ ಆ ದಾರಿಯನ್ನೂ ಆಕೆಯೇ ತೋರಿಸಿದರು. 1967ರಲ್ಲಿ ಸೋಲ್ಹೈಮ್ ನೌಕರಿ ಬಿಟ್ಟ. 1969ರಲ್ಲಿ ಜಾರ್ಜ್ ಆರ್ಚರ್ ಈ ಪಟರ್ ಹಿಡಿದು ಮಾಸ್ಟರ್ಸ್ ಗೆದ್ದರು. ಅದರ ಆಕಾರವನ್ನ ಜಗತ್ತೇ ನಕಲು ಮಾಡಿತು. ಟೈಗರ್ ವುಡ್ಸ್ ತಮ್ಮ 15 ಮೇಜರ್ ಪ್ರಶಸ್ತಿಗಳಲ್ಲಿ 14ನ್ನು ಗೆದ್ದ ಪಟರ್ ಬೇರೆ ತಯಾರಕರದ್ದು, ಆದರೆ ಅದರ ಮೂಗು ಕಣ್ಣು ನೋಡಿದರೆ ವಂಶ ಯಾವುದು ಅಂತ ತಿಳಿಯುತ್ತೆ.

ಇನ್ನೊಂದು ಬದಲಾವಣೆ ಕೋಲಿನಲ್ಲಲ್ಲ, ನೆಲದಲ್ಲಾಯ್ತು. 1935ರಲ್ಲಿ ಅಮೆರಿಕದ ಓಕ್‌ಮಾಂಟ್‌ನಲ್ಲಿ ಜೀನ್ ಸಾರಜೆನ್ ಎಂಬ ದೊಡ್ಡ ಆಟಗಾರ ಹೊಡೆದ ಪಟ್ ಗ್ರೀನ್ ದಾಟಿ ಮರಳಿನ ಗುಂಡಿಗೆ ಬಿತ್ತು. ನೋಡುತ್ತಾ ನಿಂತಿದ್ದ ಎಡ್ವರ್ಡ್ ಸ್ಟಿಂಪ್ಸನ್‌ಗೆ, ಈ ವೇಗವನ್ನ ಅಳೆಯೋದು ಹೇಗೆ ಅನ್ನಿಸಿತು. ಚೆಂಡನ್ನ ಇಳಿಜಾರಿನಲ್ಲಿ ಉರುಳಿಸಿ ಅದು ಎಷ್ಟು ಅಡಿ ಹೋಯ್ತು ಅಂತ ಅಳೆಯುವ ಸರಳ ಸಾಧನ ಮಾಡಿದ. ಅದೇ ಸ್ಟಿಂಪ್‌ಮೀಟರ್. 1970ರ ದಶಕದಲ್ಲಿ ಯುಎಸ್‌ಜಿಎ ಅದನ್ನ ಅಲ್ಯೂಮಿನಿಯಂನಲ್ಲಿ ಮಾಡಿಸಿ ಅಳೆದಾಗ ಅಲ್ಲಿನ ಗ್ರೀನ್‌ಗಳ ಸರಾಸರಿ ಆರೂವರೆ ಅಡಿಯ ಆಸುಪಾಸಿನಲ್ಲಿತ್ತು. ಇವತ್ತು ದೊಡ್ಡ ಟೂರ್ನಿಗಳಲ್ಲಿ ಹತ್ತು, ಹನ್ನೆರಡು ಅಡಿ ಮಾಮೂಲು. ಹಿಂದೆ ಉದ್ದ ಹುಲ್ಲಿನಿಂದ ಚೆಂಡನ್ನ ಎಬ್ಬಿಸಿ ಉರುಳಿಸಬೇಕಿತ್ತು, ಹಾಗಾಗಿ ಪಟರ್‌ನ ಮುಖ ಹೆಚ್ಚು ಓರೆ ಇರ್ತಿತ್ತು. ಈಗ ಮೂರು ನಾಲ್ಕು ಡಿಗ್ರಿ ಸಾಕು. ತಾತನ ಪಟರ್ ಚೆಂದ ಅಂತ ಇಂದಿನ ನುಣುಪು ಗ್ರೀನ್‌ಗೆ ಒಯ್ದರೆ ಚೆಂಡು ಮೊದಲು ನೆಗೆಯುತ್ತೆ, ಆಮೇಲೆ ಉರುಳುತ್ತೆ. ದೂರದ ಅಂದಾಜು ಅಲ್ಲೇ ಕೈಕೊಡುತ್ತೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮೂರಿಗೆ ಬರೋಣ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆದರೆ ಕನ್ನಡಿಗರು ಮನೆಮನೆಯಲ್ಲಿ ಗಾಲ್ಫ್ ನೋಡಿದ್ದು 2021ರ ಆಗಸ್ಟ್ 7ರ ಬೆಳಗಿನ ಜಾವ. ಟೋಕಿಯೊ ಒಲಿಂಪಿಕ್ಸ್, ನಮ್ಮ ಬೆಂಗಳೂರಿನ ಅದಿತಿ ಅಶೋಕ್. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನ. ಕೆಲವೇ ತಿಂಗಳ ಹಿಂದೆ ಕೋವಿಡ್ ಬಂದು ಶಕ್ತಿ ಕುಂದಿತ್ತು. ಜೊತೆಗೆ ಆಡ್ತಿದ್ದ ಅಮೆರಿಕದ ನೆಲ್ಲಿ ಕೊರ್ಡಾ ಚೆಂಡನ್ನ ಎಷ್ಟೋ ಮುಂದಕ್ಕೆ ಅಟ್ಟುತ್ತಿದ್ದರು. ಅದಿತಿಯ ಚೀಲ ಹೊತ್ತಿದ್ದವರು ಅವರ ಅಮ್ಮ. ಗ್ರೀನ್ ಮೇಲೆ ಬಂದಾಗ ಮಾತ್ರ ಈ ಹುಡುಗಿಯನ್ನ ಮೀರಿಸೋರೇ ಇರಲಿಲ್ಲ. 1904ರ ಸ್ಯಾಂಡ್‌ವಿಚ್ ನೆನಪಾಗ್ತಿಲ್ಲವಾ? ಕೊನೆಗೆ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು, ನಾಲ್ಕನೇ ಸ್ಥಾನ. ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ನಾವೆಲ್ಲ ಸುದ್ದಿವಾಹಿನಿಯವರು ಅತ್ತ ಓಡಿದೆವು. ಓಡಬೇಕಾದದ್ದೇ. ಆದರೆ ಬೆಳಗಿನ ಆ ಹೋರಾಟಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಅಂತ ನನಗನ್ನಿಸುತ್ತೆ.

ಹಾಗಾದ್ರೆ ಪಟರ್ ಆರಿಸೋರಿಗೆ ಈ ಇತಿಹಾಸ ಏನು ಹೇಳುತ್ತೆ? ಮೊದಲನೆಯದು, ಬೆಲೆ ನೋಡಿ ಕೊಳ್ಳಬೇಡಿ. ಹತ್ತು ಚೆಂಡು ಇಟ್ಟುಕೊಂಡು ಹತ್ತಡಿ, ಇಪ್ಪತ್ತಡಿ, ಮೂವತ್ತಡಿಗೆ ತಳ್ಳಿ. ಎಷ್ಟು ಕುಳಿಗೆ ಬಿದ್ದವು ಅಂತ ಎಣಿಸಬೇಡಿ, ಎಲ್ಲವೂ ಒಂದೇ ದೂರಕ್ಕೆ ಹೋದವಾ ನೋಡಿ. ಎರಡನೆಯದು, ನಡು ತಪ್ಪಿ ಹೊಡೆಯೋ ಅಭ್ಯಾಸವಿದ್ದರೆ ತುದಿಗೆ ಭಾರ ಹಂಚಿದ ಅಗಲ ತಲೆಯ ಪಟರ್ ನಿಮಗೆ ನೆರವಾಗುತ್ತೆ. ತೆಳು ಅಲಗು ತಪ್ಪನ್ನ ಕೂಡಲೇ ಕೈಗೆ ತಿಳಿಸುತ್ತೆ, ಆದರೆ ಕ್ಷಮಿಸೋದಿಲ್ಲ. ಮೂರನೆಯದು, ಕಿವಿ ಕೊಡಿ. ಆಟಗಾರರು ‘ಫೀಲ್’ ಅನ್ನೋದರಲ್ಲಿ ಅರ್ಧ ಸದ್ದೇ ಇರುತ್ತೆ. ಗಟ್ಟಿ ಲೋಹ ಟಣ್ ಅನ್ನುತ್ತೆ, ಮೆತ್ತನೆಯ ಮುಖ ಮೆಲ್ಲಗೆ ಟಕ್ ಅನ್ನುತ್ತೆ. ಯಾವ ಸದ್ದಿಗೆ ಚೆಂಡು ಎಷ್ಟು ದೂರ ಹೋಯ್ತು ಅನ್ನೋದನ್ನ ನಿಮ್ಮ ಕಿವಿ ಕಲಿತರೆ ಕೈಯೂ ಕಲಿಯುತ್ತೆ. ನಾಲ್ಕನೆಯದು, ನೀವು ದಿನಾ ಆಡೋ ಗ್ರೀನ್ ಮೇಲೆಯೇ ಪರೀಕ್ಷಿಸಿ. ಅಂಗಡಿಯ ಕಾರ್ಪೆಟ್ ಮೇಲಲ್ಲ.

ನಿಷೇಧಗಳು 1910ಕ್ಕೆ ಮುಗಿಯಲಿಲ್ಲ. ಸ್ಯಾಮ್ ಸ್ನೀಡ್ ಕಾಲುಗಳ ನಡುವೆ ಪಟರ್ ತೂಗಿ ಆಡಿದಾಗ 1968ರಿಂದ ಆ ಭಂಗಿಗೆ ತಡೆ ಬಿತ್ತು. ಉದ್ದದ ಪಟರ್ ಅನ್ನ ಹೊಟ್ಟೆಗೋ ಎದೆಗೋ ಊರಿ ಹೊಡೆಯೋದು 2016ರಿಂದ ನಿಷಿದ್ಧ. ಕೆಲವು ತಡೆಗಳು ಸರಿಯೂ ಇರಬಹುದು. ಆಟ ಅಂದ ಮೇಲೆ ಗೆರೆ ಬೇಕಲ್ಲ? ಆದರೆ ಗೆರೆ ಎಳೆಯೋರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ನೀವು ಉಳಿಸ್ತಿರೋದು ಆಟವನ್ನೋ, ಇಷ್ಟು ದಿನ ಗೆಲ್ತಾ ಬಂದವರ ಅನುಕೂಲವನ್ನೋ? ಸ್ಕೆನೆಕ್ಟಡಿ ಪಟರ್ ವಿಷಯದಲ್ಲಿ ಆ ಉತ್ತರ ಸಿಗೋಕೆ 41 ವರ್ಷ ಬೇಕಾಯ್ತು. ನಿಷೇಧ ತೆಗೆದ ಮೇಲೆ ಆಟವೇನೂ ಹಾಳಾಗಲಿಲ್ಲ. ಇವತ್ತು ಟಿವಿಯಲ್ಲಿ ಯಾವ ದೊಡ್ಡ ಟೂರ್ನಿ ಹಾಕಿದರೂ ದಪ್ಪ ತಲೆಯ ಪಟರ್ ಹಿಡಿದವರು ಸಾಲುಸಾಲಾಗಿ ಕಾಣ್ತಾರೆ. ಅದನ್ನ ಒಂದು ಕಾಲದಲ್ಲಿ ಹೊರಗೆ ಹಾಕಿದ್ದರು ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!